ಉಗ್ರಾಣಿಯ ಏಳನೇ ಹಾಡು

13 ಆಗಸ್ಟ್ 2002, ಮಂಗಳವಾರ

ಬಸು ಮನೆಗೆ ಬಂದದ್ದು ಎಂಟು ಮೂವತ್ತೈದಕ್ಕೆ. ಕಳೆದ ಶುಕ್ರವಾರ ಎಂಟು ಇಪ್ಪತ್ತು. ಅದರ ಹಿಂದಿನ ಮಂಗಳವಾರ ಎಂಟು ನಲವತ್ತು. ಉಳಿದ ದಿನ ಸರಿಯಾಗಿ ಆರೂಕಾಲಿಗೆ ಬಾಗಿಲಲ್ಲಿ ಚಪ್ಪಲಿ ಬಿಡುವವನು ಮಂಗಳವಾರ, ಶುಕ್ರವಾರ ಮಾತ್ರ ಯಾಕೆ ತಡ?

"ಆಫೀಸಿನಾಗ ಆಡಿಟ್ ನಡದದ ಅಪ್ಪಾ," ಎಂದ. ವಿಮಾ ಆಫೀಸಿನ ಕಾರಕೂನ ಅವನು. ಆಡಿಟ್ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪುಣೆಯ ಹತ್ತಿರ ದೇಹೂ ರೋಡಿನ ಮಿಲಿಟರಿ ಡಿಪೋದ ಸ್ಟೋರ್ಸಿನಲ್ಲಿ ಮೂವತ್ತನಾಲ್ಕು ವರ್ಷ ಕೂತವನು ನಾನು. ಆಡಿಟ್ ವಾರಕ್ಕೆ ಎರಡೇ ದಿನ ಬರುವುದಿಲ್ಲ. ಬಂತೆಂದರೆ ಹದಿನೈದು ದಿನ ಉಸಿರಾಡಲು ಬಿಡುವುದಿಲ್ಲ.

ನೀರಿನ ತಂಬಿಗೆ ಕೊಡುವ ನೆಪದಲ್ಲಿ ಹತ್ತಿರ ಹೋಗಿ ನೋಡಿದೆ. ಕುಡಿದಿಲ್ಲ. ಆದರೆ ಎಡಗೈಯ ಬೆರಳತುದಿಗಳು ಕೆಂಪಗಾಗಿವೆ, ದಾರ ಕೊಯ್ದ ಹಾಗೆ ಗೆರೆ ಬಿದ್ದಿವೆ. ವಿಮೆಯ ಕಾಗದ ಬೆರಳನ್ನು ಹಾಗೆ ಕೊಯ್ಯುವುದಿಲ್ಲ.

16 ಆಗಸ್ಟ್, ಶುಕ್ರವಾರ

ಆರು ಗಂಟೆಗೆ ಮೂಲೆಯ ಪಿ.ಸಿ.ಓ.ದಿಂದ ಅವನ ಆಫೀಸಿಗೆ ಫೋನ್ ಮಾಡಿದೆ. ನನ್ನ ಹೆಸರು ಹೇಳಲಿಲ್ಲ. ಎತ್ತಿದವನು, ಅವನು ಐದೂವರೆಗೇ ಹೋದನಲ್ಲ ಅಂದ. ಆಡಿಟ್ ಹೇಗೆ ನಡೆದಿದೆ ಅಂತ ಕೇಳಿದ್ದಕ್ಕೆ "ಕಸಲಾ ಆಡಿಟ್?", ಎಂಥ ಆಡಿಟ್ ಅಂತ ನನ್ನನ್ನೇ ಕೇಳಿದ.

ಮನೆಗೆ ಬಂದರೆ ಅಡಿಗೆಮನೆಯಲ್ಲಿ ಹೆಂಡತಿ ಕಲ್ಲವ್ವ ಮತ್ತು ಸೊಸೆ ರೇಣು ಏನೋ ಮಾತಾಡುತ್ತಿದ್ದರು. ನನ್ನ ನೆರಳು ಬಿದ್ದಕೂಡಲೇ ಮಾತು ನಿಂತಿತು.

"ರೇಣು, ಪಲ್ಯಾಕ್ಕ ಉಪ್ಪ ಸಾಕಾತೇನವಾ?" ಅಂದಳು ಕಲ್ಲವ್ವ.

ಒಲೆಯ ಮೇಲೆ ಪಲ್ಯ ಇರಲಿಲ್ಲ. ಹಾಲಿತ್ತು.

ಮೂವರೂ ಸೇರಿದ್ದಾರೆ.

20 ಆಗಸ್ಟ್, ಮಂಗಳವಾರ

ಬಿಬವೇವಾಡಿಯ ಉದ್ಯಾನದಲ್ಲಿ ನನ್ನ ಬೆಂಚಿನ ಮೇಲೆ ಒಬ್ಬ ಮನುಷ್ಯ. ಐವತ್ತೈದರ ಸುಮಾರು, ದಪ್ಪ ಮೀಸೆ. ನಿನ್ನೆಯೂ ಅಲ್ಲೇ ಇದ್ದ. ಇವತ್ತು ಮಾತಿಗೆ ಬಂದ.

"ನಮಸ್ಕಾರ್ರೀ. ತಮ್ಮದು ಯಾವ ಊರಾತ್ರಿ?"

"ಇಂಡಿ ತಾಲ್ಲೂಕು."

"ನಾ ಕಾಶಪ್ಪ ಅಂತ. ಬ್ಯಾಂಕಿನಾಗ ಇದ್ದೆ. ನೀವು ಸ್ಟೋರ್ಸಿನಾಗ ಇದ್ರಂತಲ್ಲ?"

ನಾನು ಅವನಿಗೆ ಹೇಳಿರಲಿಲ್ಲ. ಯಾರು ಹೇಳಿದರು ಅಂತ ಕೇಳಿದರೆ "ಹಂಗ ಅನಿಸಿತ್ರಿ" ಅಂತ ನಕ್ಕ. ಬೀಗದ ಕೈಗೊಂಚಲು ಸೊಂಟದ ಯಾವ ಮಗ್ಗುಲಿಗೆ ಕಟ್ಟುತ್ತಿದ್ದಿರಿ, ಕಳವು ಆದರೆ ಹೇಗೆ ಗೊತ್ತಾಗುತ್ತಿತ್ತು ಅಂತೆಲ್ಲ ಕೇಳಿದ. ನಾನು ಎದ್ದೆ. ಗೇಟಿನ ಹತ್ತಿರ ತಿರುಗಿ ನೋಡಿದರೆ ಅವನೂ ಎದ್ದು ಬರುತ್ತಿದ್ದಾನೆ. ನಾನು ಎಡಗಾಲು ಸ್ವಲ್ಪ ಎಳೆದು ಹಾಕುತ್ತೇನೆ, ಹಳೆಯ ಮೊಣಕಾಲು ನೋವು. ಅವನೂ ಎಳೆದು ಹಾಕುತ್ತಿದ್ದ. ನಾನು ನೋಡಿದಕೂಡಲೇ ನೆಟ್ಟಗೆ ನಡೆದ.

ಮುದುಕರನ್ನು ಗುರುತು ಮಾಡಿಕೊಂಡು ಮನೆಗೆ ನುಗ್ಗುವವರ ಸುದ್ದಿ ಪೇಪರಿನಲ್ಲಿ ಬಂದಿತ್ತು. ಕಲ್ಲವ್ವನಿಗೆ ಒಳಗಿಂದ ಚಿಲಕ ಹಾಕಿಕೊಳ್ಳಲು ಹೇಳಿದೆ. ಅವಳು ಸೆರಗು ಬಾಯಿಗೆ ಹಿಡಿದು ಆಚೆ ಹೋದಳು. ನಗುತ್ತಿದ್ದಳೋ?

25 ಆಗಸ್ಟ್, ಭಾನುವಾರ

ನನ್ನ ಟ್ರಂಕನ್ನು ಯಾರೋ ತೆಗೆದಿದ್ದಾರೆ.

1967ರಿಂದ ವರ್ಷಕ್ಕೊಂದರಂತೆ ಬರೆದ ಡೈರಿಗಳು ಅದರಲ್ಲಿವೆ. 1987ರದು 1989ರ ಮೇಲೆ ಇತ್ತು. ನಾನು ಹಾಗೆ ಇಡುವವನಲ್ಲ. 1993ರದರ ಬೆನ್ನು ಬಿಚ್ಚಿಹೋಗಿದೆ, ಯಾರೋ ಮಗುಚಿ ಇಟ್ಟು ಬರೆದುಕೊಂಡ ಹಾಗಿದೆ.

"ಟ್ರಂಕ್ ಯಾರ ತಗದಿದ್ರು?" ಅಂತ ಕಲ್ಲವ್ವನನ್ನು ಕೇಳಿದೆ.

"ಇಲಿ ಇರಬೇಕ್ರಿ."

ಇಲಿ ಬೀಗ ತೆಗೆದು, ಓದಿ, ಮತ್ತೆ ಬೀಗ ಹಾಕಿ ಹೋಗಿದೆ.

ಈ ಡೈರಿಯನ್ನು ಇವತ್ತಿನಿಂದ ಗಾದಿಯ ಕೆಳಗೆ ಇಡುತ್ತೇನೆ. ಹೊಸ ಬೀಗ ತಂದಿದ್ದೇನೆ. ಅದರ ಕೈ ನನ್ನ ಕೊರಳಲ್ಲೇ, ಶಿವದಾರದ ಜೊತೆಗೆ.

3 ಸೆಪ್ಟೆಂಬರ್, ಮಂಗಳವಾರ

ಇವತ್ತು ಕಣ್ಣಾರೆ ಕಂಡೆ. ಪೂರ್ತಿ ಬರೆದೇ ಏಳುತ್ತೇನೆ.

ಐದೂಕಾಲಿಗೆ ಅವನ ಆಫೀಸಿನ ಎದುರು ಜೆರಾಕ್ಸ್ ಅಂಗಡಿಯ ಒಳಗೆ ನಿಂತೆ. ಐದು ಮೂವತ್ತೆರಡಕ್ಕೆ ಬಸು ಹೊರಬಂದು ಸ್ಕೂಟರ್ ಹತ್ತಿದ. ನಾನು ರಿಕ್ಷಾ ಹಿಡಿದು ಆ ಸ್ಕೂಟರಿನ ಹಿಂದೆ ನಡಿ ಅಂದೆ. ರಿಕ್ಷಾದವನು ಕನ್ನಡಿಯಲ್ಲಿ ನನ್ನನ್ನು ನೋಡಿ "ಮುಲಗಾ ಕಾ?" ಅಂತ ಕೇಳಿದ. ಹೌದು, ಮಗ ಅಂದೆ. "ಸಗಳ್ಯಾಂಚೆ ತಸೇಚ್," ಎಂದ. ಎಲ್ಲರ ಮಕ್ಕಳೂ ಹಾಗೇ ಅಂತೆ. ಅವನಿಗೇನು ಗೊತ್ತು.

ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಗೋಡೌನುಗಳ ಸಾಲು. ಒಂದರ ಮುಂದೆ ಸ್ಕೂಟರ್ ನಿಂತಿತು. ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿ ಅವನು ಮೇಲೆ ಹೋದ. ಇಸ್ಪೀಟು ಅಂದುಕೊಂಡೆ. ಹೆಣ್ಣು ಅಂದುಕೊಂಡೆ. ಐದು ನಿಮಿಷ ಬಿಟ್ಟು ನಾನೂ ಹತ್ತಿದೆ. ಅರ್ಧ ಮೆಟ್ಟಿಲಿಗೆ ಡ್ರಮ್ಮಿನ ಸದ್ದು ಎದೆಗೆ ಬಡಿಯಿತು.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಎಂಟು-ಹತ್ತು ಜನ. ಬಸು ಕುರ್ಚಿಯ ಮೇಲೆ ಕೂತು ಗಿಟಾರ್ ನುಡಿಸುತ್ತಿದ್ದ. ಒಂಬತ್ತು ವರ್ಷದ ಹಿಂದೆ ಬಿಟ್ಟಿದ್ದೇನೆ ಅಂದಿದ್ದ ಅದೇ ಗಿಟಾರು. ಡ್ರಮ್ಮಿನ ಹಿಂದೆ ಸುಹಾಸ, ಅವನ ಕಾಲೇಜಿನ ಗೆಳೆಯ. ಸ್ವಾರಗೇಟಿನಲ್ಲಿ ಹೋಟೆಲ್ ಇರುವ ಉಡುಪಿ ಕಡೆಯವರ ಮಗ. ನಡುವೆ ಖಾಕಿ ಕೋಟು ಹಾಕಿ, ಸೊಂಟಕ್ಕೆ ಬೀಗದ ಕೈಗೊಂಚಲು ಕಟ್ಟಿ, ಎಡಗಾಲು ಎಳೆಯುತ್ತಾ ಓಡಾಡುತ್ತಿದ್ದವನು ಉದ್ಯಾನದ ಕಾಶಪ್ಪ.

ಕಾಶಪ್ಪ ಒಂದು ಪುಸ್ತಕ ತೆರೆದು ಬರೆಯುವಂತೆ ನಟಿಸುತ್ತಾ ಹಾಡಿದ.

ಆರು ನಲವತ್ತು. ಹೊರಗೆ ಹೋದ.
ಚಪ್ಪಲಿ ಹೊಸವು. ಯಾರು ಕೊಡಿಸಿದರು?
ಏಳು ಹತ್ತು. ತಿರುಗಿ ಬಂದ.
ಮುಖ ತೊಳೆದುಕೊಂಡ. ಯಾಕೆ ತೊಳೆದುಕೊಂಡ?

ಹಿಂದೆ ನಿಂತ ಇಬ್ಬರು ಹುಡುಗಿಯರು "ಯಾಕೆ? ಯಾಕೆ?" ಅಂತ ಎತ್ತರದ ದನಿಯಲ್ಲಿ ಎಳೆದರು. ಎಲ್ಲರೂ ನಕ್ಕರು.

ಅದು ನನ್ನ ಬರಹ. 1987ರ ಡೈರಿ. ಬಸೂಗೆ ಹದಿನೈದು ವರ್ಷ, ಹೊಸ ಚಪ್ಪಲಿ ಅವನ ಸೋದರಮಾವ ಕೊಡಿಸಿದ್ದು ಅಂತ ಎರಡು ದಿನದ ಮೇಲೆ ಗೊತ್ತಾಯಿತು. ಅದನ್ನೂ ಬರೆದಿದ್ದೆ. ಆ ಸಾಲು ಅವರು ಹಾಡಲಿಲ್ಲ.

ಯಾರಿಗೂ ಕಾಣದಂತೆ ಇಳಿದು ಬಂದೆ. ಮಾರ್ಕೆಟ್ ಯಾರ್ಡಿನಿಂದ ಮನೆಯವರೆಗೆ ನಡೆದೇ ಬಂದೆ.

4 ಸೆಪ್ಟೆಂಬರ್, ಬುಧವಾರ

ಯಾರ ಜೊತೆಯೂ ಮಾತಾಡಲಿಲ್ಲ. ಯಾರೂ ಯಾಕೆ ಅಂತ ಕೇಳಲಿಲ್ಲ.

6 ಸೆಪ್ಟೆಂಬರ್, ಶುಕ್ರವಾರ

ಮಧ್ಯಾಹ್ನ ಸ್ವಾರಗೇಟಿನ ಹೋಟೆಲಿಗೆ ಹೋದೆ. ಸುಹಾಸ ಗಲ್ಲಾಪೆಟ್ಟಿಗೆಯಿಂದ ಎದ್ದು ಬಂದು ಮೂಲೆಯ ಟೇಬಲ್ಲಿಗೆ ಕೂರಿಸಿದ.

"ನನ್ನ ಡೈರಿ ಕದ್ದು ಹಾಡ ಮಾಡೀರಿ," ಅಂದೆ. "ಹೌದೋ ಅಲ್ಲೋ, ಅಷ್ಟ ಹೇಳು."

ಅವನ ಮುಖ ಬಿಳಿಚಿಕೊಂಡಿತು. ಆದರೆ ಸುಳ್ಳು ಹೇಳಲಿಲ್ಲ. "ಹೌದು ಅಂಕಲ್. ತೊಂಬತ್ತಮೂರರಲ್ಲಿ ನಾವು ನಾಲ್ಕು ಜನ ಸೇರಿ ಒಂದು ಕ್ಯಾಸೆಟ್ ಮಾಡಿದ್ದೆವಲ್ಲ, ಸ್ಟೋರ್‌ಕೀಪರ್ ಅಂತ? ರಾಕ್ ಆಪೆರಾ. ನಮ್ಮ ಯಕ್ಷಗಾನದ ಹಾಗೇ ಅದು. ಕಥೆಯೆಲ್ಲ ಪದದಲ್ಲೇ ಹೋಗ್ತದೆ. ಚೆಂಡೆ ಬದಲು ಡ್ರಮ್ಸ್, ಗಿಟಾರು. ಆಗ ಬರೀ ಕೇಳ್ಲಿಕ್ಕೆ ಇತ್ತು. ಈಗ ಅದನ್ನು ಕನ್ನಡಕ್ಕೆ ತಂದು ನಾಟಕ ಮಾಡುವಾ, ಆಡುವವರ ಸ್ವರದಲ್ಲೇ ಸಿ.ಡಿ. ರೆಕಾರ್ಡ್ ಮಾಡುವಾ ಅಂತ. ಹೆಸರು 'ಉಗ್ರಾಣಿ'."

ಕ್ಯಾಸೆಟ್ ನೆನಪಿದೆ. ಬಾಗಿಲ ಆಚೆಯಿಂದ ಕೇಳಿದ ಕಿರುಚಾಟ. ಆಫೀಸಿನ ಇಂಗ್ಲಿಷ್ ನನಗೆ ಬರುತ್ತದೆ, ಕಿರುಚುವ ಇಂಗ್ಲಿಷ್ ಬರುವುದಿಲ್ಲ. ಸದ್ದು ಕಡಿಮೆ ಮಾಡು ಅಂದಿದ್ದೆ, ಅಷ್ಟೇ. ಅಂದರೆ ಒಂಬತ್ತು ವರ್ಷ ನನ್ನ ಮನೆಯಲ್ಲೇ ನನ್ನ ಕಥೆ ಇಂಗ್ಲಿಷಿನಲ್ಲಿ ಕೂತಿತ್ತು.

"ಇಂಗ್ಲಿಷಿನಾಗ ಇತ್ತು, ಯಾರಿಗೂ ತಿಳೀಲಿಲ್ಲ. ಈಗ ಪುಣೆದಾಗಿನ ಕನ್ನಡದ ಮಂದಿ ಎಲ್ಲಾ ಟಿಕೇಟ ತಗದು ಬಂದು ಈ ಗೂಳಪ್ಪನ ನೋಡಿ ನಗಬೇಕೇನು?"

"ನಗುದಕ್ಕೆ ಅಲ್ಲ ಅಂಕಲ್..."

"ನಾ ಮೆಟ್ಟಿಲ ಮ್ಯಾಲ ನಿಂತು ಕೇಳೀನಿ. ನಕ್ರಿ. ನನ್ನ ಬರಹದ ಒಂದಕ್ಷರ ಇದ್ರೂ ವಕೀಲರ ನೋಟೀಸ ಬರತದ."

ಅವನು "ಆಯ್ತು ಅಂಕಲ್. ತೆಗೀತೇವೆ," ಅಂದ. ಕಾಫಿ ತರಿಸಿದ. ನಾನು ಕುಡಿಯಲಿಲ್ಲ.

ಇಷ್ಟು ಸುಲಭಕ್ಕೆ ಯಾಕೆ ಒಪ್ಪಿದ?

10 ಸೆಪ್ಟೆಂಬರ್, ಗಣೇಶ ಚೌತಿ

ಬಸು ಇವತ್ತು ಮಂಗಳವಾರವಾದರೂ ಮನೆಯಲ್ಲೇ ಇದ್ದ. ಪೂಜೆ ಆದಮೇಲೆ ಮೋದಕದ ತಾಟು ನನ್ನ ಮುಂದೆ ಇಟ್ಟು, "ನಿಮ್ಮ ಮಾತೆಲ್ಲಾ ತಗದೀವಪಾ," ಎಂದು ಎದ್ದುಹೋದ. ಕ್ಷಮೆ ಕೇಳಲಿಲ್ಲ. ಜಗಳವನ್ನೂ ಆಡಲಿಲ್ಲ.

ಟ್ರಂಕಿನ ಬೀಗದ ಕೈ ಬಸೂಗೆ ಕೊಟ್ಟದ್ದು ನಾನೇ ಎಂದಳು ಕಲ್ಲವ್ವ, ದೀಪಕ್ಕೆ ಎಣ್ಣೆ ಹಾಕುತ್ತಾ, ನನ್ನ ಕಡೆ ನೋಡದೆ.

"ಮೂವತ್ತಮೂರು ವರ್ಷದ ಸಂಸಾರ ಮಾಡಿ ನನಗ ಮೋಸ ಮಾಡಿದಿ," ಅಂದೆ.

"ಹೌದ್ರಿ, ಮಾಡೀನಿ. ಅವ ಸಣ್ಣವಿದ್ದಾಗನೂ ನೀವು ಮಾತಾಡ್ಲಿಲ್ಲ, ದೊಡ್ಡವಾದ ಮ್ಯಾಲೂ ಮಾತಾಡ್ಲಿಲ್ಲ. ಎಲ್ಲಾ ಬರಕೊಂಡ ಕುಂತ್ರಿ. ನನ್ನ ಬಗ್ಗೆ ಅಪ್ಪ ಏನಂತಾನ ಅಂತ ಆ ಕೂಸು ಎಲ್ಲಿ ಹುಡಕಬೇಕ್ರಿ?"

ಹೊರಗೆ ಗಣಪತಿ ಮಂಡಳದವರ ಲೌಡ್‌ಸ್ಪೀಕರು ಗದ್ದಲ ಎಬ್ಬಿಸಿತ್ತು. ಎದ್ದು ಹೋಗಿ ಕಿಟಕಿ ಮುಚ್ಚಿದೆ.

24 ಸೆಪ್ಟೆಂಬರ್, ಮಂಗಳವಾರ

ಮತ್ತೆ ತಾಲೀಮು ಶುರುವಾಗಿದೆ. ನನ್ನ ಮಾತು ತೆಗೆದರೆ ಇನ್ನೇನು ಉಳಿಯಿತು ಹಾಡಲು? ಕದ್ದು ಇಟ್ಟುಕೊಂಡಿರಬೇಕು. ಪರೀಕ್ಷಿಸಲೇಬೇಕೆಂದು ಆರು ಗಂಟೆಗೆ ನೇರವಾಗಿ ಗೋಡೌನಿನ ಮೆಟ್ಟಿಲು ಹತ್ತಿ ಒಳಗೇ ಹೋದೆ. ಎಲ್ಲರೂ ನಿಂತುಬಿಟ್ಟರು. "ನಡೀಲಿ," ಎಂದು ಗೋಣಿಚೀಲದ ಕಟ್ಟಿನ ಮೇಲೆ ಕೂತೆ.

ನಿಜವಾಗಿಯೂ ತೆಗೆದಿದ್ದರು. ಹೊಸ ಉಗ್ರಾಣಿ ಕುಡಿದು ಬರುತ್ತಾನೆ. ಸ್ಟೋರಿನ ಮಾಲು ಕದ್ದು ಮಾರುತ್ತಾನೆ. ಸೊಂಟದ ಪಟ್ಟಿ ಬಿಚ್ಚಿ ಮಗನನ್ನು ಬಡಿಯುತ್ತಾನೆ. ಕಾಶಪ್ಪ ಹಲ್ಲು ಕಚ್ಚಿ ಗಾಳಿಗೆ ಪಟ್ಟಿ ಬೀಸಿದ. ಹುಡುಗಿಯರು ಚೀರಿದರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಬಸೂ. ನಾ ಎಂದರ ನಿನ್ನ ಮ್ಯಾಲ ಕೈ ಎತ್ತೀನೇನು? ಸ್ಟೋರಿನ ಒಂದು ಮೊಳಿ ಮನಿಗೆ ತಂದೀನೇನು?"

ಬಸು ಗಿಟಾರನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. "ಇದು ನೀವಲ್ಲಪಾ. ನಿಮ್ಮನ್ನ ನೀವ ತಗಸಿದ್ರಿ. ಆ ಜಾಗಾದಾಗ ಯಾರರ ಒಬ್ಬಾವ ಬೇಕಲ್ಲ."

"ನೋಡಿದ ಮಂದಿ ನಾನ ಅಂತ ತಿಳೀತಾರ."

"ತಿಳೀತಾರ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಅನುಮಾನ. ನನ್ನನ್ನು ಮೂಲೆಗೆ ತಳ್ಳಲು ಇದನ್ನೆಲ್ಲ ಮಾಡಿದರೇ? ಇರಬಹುದು. ಆದರೆ ಕಳ್ಳ ಅನಿಸಿಕೊಳ್ಳುವುದಕ್ಕಿಂತ ಸಂಶಯದ ಮುದುಕ ಅನಿಸಿಕೊಳ್ಳುವುದು ಮೇಲು.

ಕರಾರು ಹಾಕಿದೆ. ನನ್ನ ಮಾತು ತಿರುಗಿ ಹಾಕಬೇಕು. ತಾರೀಖು, ಗಂಟೆ, ನಿಮಿಷ ಒಂದೂ ಬದಲಾಗಬಾರದು. ಚಪ್ಪಲಿ ಕೊಡಿಸಿದವರು ಸೋದರಮಾವ ಎಂಬ ಸಾಲೂ ಬರಬೇಕು. ಪ್ರತಿ ತಾಲೀಮಿಗೆ ನಾನು ಕೂತು ಡೈರಿ ಹಿಡಿದು ತಾಳೆ ನೋಡುತ್ತೇನೆ.

ಸುಹಾಸ ಡ್ರಮ್ಮಿನ ಹಿಂದಿನಿಂದ, "ಆಗ್ಬಹುದು ಅಂಕಲ್," ಅಂದ. ಈ ಹುಡುಗ ಎಲ್ಲದಕ್ಕೂ ಬೇಗ ಒಪ್ಪುತ್ತಾನೆ.

4 ಅಕ್ಟೋಬರ್, ಶುಕ್ರವಾರ

ಇವತ್ತು ಮೂರು ತಪ್ಪು ಹಿಡಿದೆ. ಒಂದನೆಯದು ಕಾಶಪ್ಪ ಕೈಗೊಂಚಲನ್ನು ಎಡಕ್ಕೆ ಕಟ್ಟಿದ್ದ, ಬಲಕ್ಕೆ ಬೇಕು. ಇನ್ನೊಂದು, ಸ್ಟೋರಿನ ಬಾಗಿಲು ಹಾಕಿದಮೇಲೆ ಬೀಗವನ್ನು ಎರಡು ಸಲ ಜಗ್ಗಿ ನೋಡಬೇಕು, ಅವನು ಒಮ್ಮೆ ಜಗ್ಗಿದ. ಎರಡು ಸಲ ಜಗ್ಗಿದರೆ ತಾಳ ತಪ್ಪುತ್ತದೆ ಅಂದ ಬಸು. ಹಾಗಾದರೆ ತಾಳ ತಿದ್ದಿಕೋ ಅಂದೆ. ಅರ್ಧ ಗಂಟೆ ತಿದ್ದಿದ. ಜಗ್ಗುವ ಸದ್ದಿಗೆ ಸರಿಯಾಗಿ ಡ್ರಮ್ಮು ಎರಡು ಪೆಟ್ಟು ಕೊಟ್ಟಿತು. ಮೊದಲಿಗಿಂತ ಚೆನ್ನಾಗಿ ಕೇಳಿಸಿತು, ಅದನ್ನು ನಾನು ಅವರಿಗೆ ಹೇಳಲಿಲ್ಲ.

ಮೂರನೆಯದು ಮರೆತೆ.

ಅಲ್ಲಿನ ಚಹಾ ಕುಡಿಯುವ ಹಾಗಿಲ್ಲ. ಮುಂದಿನ ಸಲ ಮನೆಯಿಂದ ದೊಡ್ಡ ಥರ್ಮಾಸು ಒಯ್ಯಬೇಕು.

15 ಅಕ್ಟೋಬರ್, ದಸರಾ

ಕಾಶಪ್ಪ ಮನೆಗೆ ಬಂದು ಬನ್ನಿ ಕೊಟ್ಟು ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದ. ಆರು ವರ್ಷಕ್ಕೆ ಸಣ್ಣವನು ನನಗಿಂತ, ಇರಲಿ. "ನಿಮ್ಮನ್ನ ನೋಡಿ ಭಾಳ ಕಲತೇನ್ರಿ. ಹಿಂದ ಬಿದ್ದು ನೋಡಿದ್ದಕ್ಕ ತಪ್ಪ ತಿಳಕೋಬ್ಯಾಡ್ರಿ," ಅಂದ.

ಹೊಗಳುವವರನ್ನು ನಂಬಬಾರದು. ಹೋಳಿಗೆ ಎರಡು ಹೆಚ್ಚು ತಿಂದ.

ಮಧ್ಯಾಹ್ನ ರೇಣು ಅಡಿಗೆಮನೆಯಲ್ಲಿ ಗುನುಗುತ್ತಿದ್ದಳು. ಆರು ನಲವತ್ತು, ಹೊರಗೆ ಹೋದ. ನನ್ನನ್ನು ಕಂಡು ನಾಲಿಗೆ ಕಚ್ಚಿಕೊಂಡಳು.

"ಏಳು ಹತ್ತರ ಮುಂದ ಎಳೀಬೇಕವಾ," ಅಂದೆ. "ನೀ ಲಗೂ ಮುಗಿಸಿದಿ."

"ಹಂಗೇನ್ರಿ ಮಾವಾರ?" ಅಂತ ಮತ್ತೆ ಹಾಡಿ ತೋರಿಸಿದಳು. ಈಗ ಸರಿಯಾಯಿತು.

22 ಅಕ್ಟೋಬರ್, ಮಂಗಳವಾರ

ಇವತ್ತು ಏಳನೇ ಹಾಡಿಗೆ ಬಂದರು. ನಾನು ಡೈರಿ ತೆರೆದು ಕಾದೆ. ಹಾಡಿನಲ್ಲಿ ಮಾತೇ ಬರಲಿಲ್ಲ. ಬಸು ಒಬ್ಬನೇ ಗಿಟಾರ್ ನುಡಿಸಿದ, ಆರು ನಿಮಿಷ. ಮೊದಲು ಒಂದೇ ತಂತಿ, ಯಾರೋ ಬಾಗಿಲ ಹೊರಗೆ ನಿಂತು ಕಾಲು ಬದಲಿಸಿದ ಹಾಗೆ. ಆಮೇಲೆ ಗದ್ದಲ. ಕೊನೆಗೆ ಮತ್ತೆ ಒಂದೇ ತಂತಿ.

"ಇದರ ಮಾತ ಎಲ್ಲಿ?" ಅಂದೆ.

"ಇಲ್ಲಪಾ. 93ರ ಜೂನ್ ಹದಿನಾಲ್ಕರಿಂದ ಇಪ್ಪತ್ತನಾಲ್ಕು. ಹನ್ನೊಂದು ದಿನ ನಿಮ್ಮ ಡೈರಿ ಖಾಲಿ ಅದ."

ಬಿ.ಕಾಂ. ಕೊನೆಯ ವರ್ಷ ನಪಾಸಾದ ದಿನ, ಆ ಗಿಟಾರು ಈ ಮನೆಯಲ್ಲಿರಬೇಕೋ ನೀನು ಇರಬೇಕೋ ಅಂದಿದ್ದೆ. ಗಿಟಾರು ಎತ್ತಿಕೊಂಡು ಹೋದ. ಹನ್ನೊಂದು ದಿನ ಬರಲಿಲ್ಲ. ಯಾರೂ ಅವನನ್ನು ಹುಡುಕಲು ಹೋಗಬಾರದು ಅಂತ ಕಲ್ಲವ್ವನಿಗೆ ಕಟ್ಟಪ್ಪಣೆ ಮಾಡಿದ್ದೆ.

ಸುಹಾಸ ಹೇಳಿದ: "ಕ್ಯಾಸೆಟ್ಟಿನಲ್ಲಿ ನಡೀತದೆ ಅಂಕಲ್. ಸ್ಟೇಜಿನಲ್ಲಿ ಆರು ನಿಮಿಷ ಬರೀ ಗಿಟಾರಿಗೆ ಜನ ಕೂರುದಿಲ್ಲ. ಮಗ ಮನೆ ಬಿಟ್ಟು ಹೋದಾಗ ಉಗ್ರಾಣಿ ಎಂತ ಮಾಡ್ತಿದ್ದ ಅಂತ ತೋರಿಸಬೇಕು."

ಅವರೇ ಮಾತಾಡಿಕೊಂಡು ಒಂದು ದೃಶ್ಯ ಮಾಡಿದರು. ಉಗ್ರಾಣಿ ಹೊಟ್ಟೆತುಂಬ ಉಂಡು, ಬೀಗಗಳನ್ನು ಒರೆಸಿ, ಕಾಲು ಚಾಚಿ ಮಲಗುತ್ತಾನೆ. ಇನ್ನು ಕಾಯುವ ಕೆಲಸ ಇಲ್ಲ ಅಂತ ನೆಮ್ಮದಿ.

ಬಸು ಮೂರು ಸಲ ನನ್ನ ಕಡೆ ನೋಡಿದ. "ತಿದ್ದೂದು ಏನರ ಅದ ಏನಪಾ?"

"ಏನಿಲ್ಲ," ಅಂದೆ.

ಇಲ್ಲಿಯೂ ಬರೆಯುವುದಿಲ್ಲ.

5 ನವೆಂಬರ್

ದೀಪಾವಳಿ. ಮೊಣಕಾಲು ನೋವು. ತಾಲೀಮಿಗೆ ಹೋಗಲಿಲ್ಲ. ಏಳನೇ ಹಾಡನ್ನೇ ತಿದ್ದುತ್ತಿದ್ದಾರಂತೆ. ನನ್ನಿಂದ ಏನೋ ಬಾಯಿ ಬಿಡಿಸಬೇಕೆಂದೇ ಆ ಮಲಗುವ ದೃಶ್ಯ ಹಾಕಿದ್ದಾರೆ ಅನಿಸುತ್ತದೆ. ನಾನು ಅಂಥ ಬಲೆಗೆ ಬೀಳುವವನಲ್ಲ.

16 ನವೆಂಬರ್, ಶನಿವಾರ

ರೆಕಾರ್ಡಿಂಗು. ಕರ್ವೆ ರೋಡಿನ ಒಳಗಡೆ ಒಂದು ಬಂಗಲೆಯ ನೆಲಮಾಳಿಗೆಯಲ್ಲಿ ಸ್ಟುಡಿಯೋ. ಗಾಜಿನ ಆಚೆ ಹಾಡುವವರು, ಈಚೆ ಮಶೀನು. ಸ್ಟುಡಿಯೋದವನು ನನ್ನನ್ನು ಹೊರಗೆ ಸೋಫಾದ ಮೇಲೆ ಕೂರಿಸಲು ನೋಡಿದ. ಆಗುವುದಿಲ್ಲ, ತಾಳೆ ನೋಡುವವನು ನಾನು ಅಂದೆ. ಕಾಶಪ್ಪ ಗಾಜಿನ ಆಚೆಯಿಂದ ಕೈ ಮಾಡಿ ನನ್ನನ್ನು ಒಳಗೇ ಕರೆಸಿಕೊಂಡ. ಸ್ಟೂಲಿನ ಮೇಲೆ ಕೂತು ಉಸಿರು ಬಿಗಿಹಿಡಿದೆ.

ಆರು ಹಾಡು ಆದವು. ಎಲ್ಲೂ ತಪ್ಪಿಲ್ಲ. ಬೀಗ ಜಗ್ಗುವ ಸದ್ದಿಗೆ ನಿಜವಾದ ಬೀಗವನ್ನೇ ಮೈಕಿನ ಮುಂದೆ ಹಿಡಿದರು. ಅದು ನಾನು ತಂದದ್ದು.

ಏಳನೆಯದು ಶುರುವಾಯಿತು. ಬಸೂನ ಗಿಟಾರಿನ ಮೇಲೆ ಕಾಶಪ್ಪ ಹಾಡಿದ:

ಹೋದವ ಹೋದ, ಬೀಗ ಭದ್ರ,
ಹನ್ನೊಂದು ದಿನ ಸುಖನಿದ್ರೆ.

"ಅವ ಮಲಗಿರಲಿಲ್ಲ," ಅಂದೆ.

ನಾನು ಅದನ್ನು ಜೋರಾಗಿ ಅಂದೆ ಅಂತ ಗೊತ್ತಾದದ್ದು ಗಿಟಾರು ನಿಂತಮೇಲೆ.

ಕಾಶಪ್ಪ ಮೆಲ್ಲಗೆ ಕೇಳಿದ. "ಏನ ಮಾಡ್ತಿದ್ರಿ ಹಂಗಾರ?"

ಇಷ್ಟು ಜನರ ಎದುರು ಹೇಗೆ ಹೇಳಿದೆನೋ. ಅರ್ಧ ದಿನ ರಜೆ ಹಾಕಿದೆ, ಹೊಟ್ಟೆನೋವು ಅಂತ ಅರ್ಜಿಯಲ್ಲಿ ಸುಳ್ಳು ಬರೆದೆ. ನೌಕರಿಯಲ್ಲಿ ಬರೆದ ಒಂದೇ ಸುಳ್ಳು. ಸ್ವಾರಗೇಟಿನ ಹೋಟೆಲಿನ ಎದುರು ಬಸ್ ಸ್ಟಾಪಿನಲ್ಲಿ ನಿಂತೆ. ಬಸು ಟೇಬಲ್ಲಿಗೆ ನೀರು ಇಡುತ್ತಿದ್ದ. ಮೈಯಲ್ಲಿ ಮನೆ ಬಿಟ್ಟ ದಿನದ ಅದೇ ನೀಲಿ ಶರ್ಟು. ಅವನನ್ನು ನೋಡಿ ಮನೆಗೆ ಹೋದೆ. ಮರುದಿನವೂ. ಐದು ದಿನ. ಆರನೇ ದಿನ ಅವನು ಕಾಣಲಿಲ್ಲ. ಏಳು ಗಂಟೆಯವರೆಗೆ ಕಾದೆ. ಅಲ್ಲಿಂದ ಸ್ಟೇಷನ್ನಿಗೆ ನಡೆದು ಎಲ್ಲಾ ಪ್ಲಾಟ್‌ಫಾರ್ಮು ನೋಡಿದೆ. ಆಮೇಲೆ ಸರ್ಕಾರಿ ಆಸ್ಪತ್ರೆಗೆ ಹೋದೆ. ಇಪ್ಪತ್ತೊಂದು ವರ್ಷ, ಎಡಹುಬ್ಬಿನ ಮೇಲೆ ಗಾಯದ ಗುರುತು ಅಂತ ಹೇಳಿದೆ. ಅಂಥವನು ಇಲ್ಲಿ ಬಂದಿಲ್ಲ, ಹೆಣದ ಖೋಲಿಯಲ್ಲಿ ಕೇಳಿ ಅಂದರು. ಅಲ್ಲಿಯೂ ಕೇಳಿದೆ. ಏಳನೇ ದಿನ ಮತ್ತೆ ಹೋಟೆಲಿನಲ್ಲಿ ಕಂಡ.

"ಹನ್ನೊಂದನೇ ದಿನ ತಾನ ಮನಿಗೆ ಬಂದ. ನಾ ಪೇಪರ ಓದಾಕತ್ತಿದ್ದೆ. ಅದನ್ನ ಕೆಳಗ ಇಳಸಲಿಲ್ಲ," ಅಂದೆ. "ಅಷ್ಟ."

"ಡೈರಿದಾಗ ಯಾಕ ಬರೀಲಿಲ್ರಿ?" ಅಂದ ಕಾಶಪ್ಪ.

"ಯಾರರ ಓದ್ಯಾರು ಅಂತ."

ಯಾರೂ ನಗಲಿಲ್ಲ. ಗಾಜಿನ ಆಚೆ ಸುಹಾಸ ಎದ್ದು ನಿಂತಿದ್ದ. ಸ್ಪೀಕರಿನಲ್ಲಿ ಅವನ ದನಿ ಬಂತು: "ಬಸು, ಮಶೀನ್ ಓಡ್ತಾ ಇತ್ತು. ಎಲ್ಲ ಬಂದಿದೆ. ಇದನ್ನೇ ಹಾಕುವಾ ಮಾರಾಯ, ಹೀಗೇ."

ಅಂದುಕೊಂಡಿದ್ದೆ. ಬಲೆ.

ಬಸು ಗಿಟಾರು ಕೆಳಗಿಟ್ಟು ಆಚೆ ಹೋದ. ಮಶೀನಿನವನ ಪಕ್ಕ ನಿಂತು ಅಳಿಸಲು ಹೇಳಿದ. ಅಳಿಸಿ ಮುಗಿಯುವವರೆಗೆ ಅಲ್ಲೇ ನಿಂತಿದ್ದ. "ಏಳನೇದು ಕ್ಯಾಸೆಟ್ಟಿನಾಗ ಹ್ಯಾಂಗಿತ್ತೋ ಹಂಗ ಇರತದ. ಬರೀ ಗಿಟಾರ. ಮಂದಿ ಕುಂತ್ರ ಕುಂದರಲಿ, ಇಲ್ಲಂದ್ರ ಎದ್ದ ಹೋಗಲಿ," ಅಂದ. ತಿರುಗಿ ಬಂದು ಒಂದೇ ಸಲಕ್ಕೆ ನುಡಿಸಿ ಮುಗಿಸಿದ. ನನಗೆ ಸಂಗೀತ ತಿಳಿಯುವುದಿಲ್ಲ. ತಾಲೀಮಿನಲ್ಲಿ ನುಡಿಸಿದ್ದಕ್ಕಿಂತ ಉದ್ದವಾಗಿತ್ತು, ಅಷ್ಟು ಹೇಳಬಲ್ಲೆ.

ಬರುವಾಗ ಅವನ ಸ್ಕೂಟರಿನ ಹಿಂದೆ ಕೂತೆ. ದಾಂಡೇಕರ್ ಪೂಲಿನ ಸೇತುವೆಗೆ ಬಂದೆವು. ಅಲ್ಲಿ ಗಾಡಿಗಳು ನಿಂತಿದ್ದವು. ಅವನು ಮುಂದೆ ನೋಡುತ್ತಲೇ ಹೇಳಿದ.

"ಅಪ್ಪಾ, ಆರನೇ ದಿನ ನಿಮ್ಮನ್ನ ನಾ ನೋಡಿದೆ."

"ಎಲ್ಲಿ?"

"ಬಸ್ ಸ್ಟಾಪಿನಾಗ. ಕಂಬದ ಹಿಂದ ನಿಂತಿದ್ರಿ. ಕೈಯಾಗ ಛತ್ರಿ ಇತ್ತು. ಹಿಡದು ಎಳಕೊಂಡು ಹೋಗಾಕ ಕಾಯಾಕತ್ತಾರ, ಇಲ್ಲೂ ಬಿಡೂದಿಲ್ಲ ಈ ಮನಷ್ಯಾ ಅಂತ ಸಿಟ್ಟ ಬಂತು. ಅಡಗಿಮನಿ ಬಾಗಲದಿಂದ ಹೊರಗ ಬಿದ್ದು ಕಾತ್ರಜಕ್ಕ ಹೋಗಿ ಕುಂತೆ. ಸ್ಟೋರ್‌ಕೀಪರಿನ ಮೊದಲನೇ ಹಾಡು ಅವತ್ತ ಸಂಜಿಕ ಬರದೆ."

ನನಗೆ ಮೊದಲು ಬಂದದ್ದು ಸಿಟ್ಟೇ. "ನೀ ಕಾತ್ರಜದಾಗ ಹಾಡ ಬರಕೊಂತ ಕುಂತಿದ್ದಿ. ನಾ ಹೆಣದ ಖೋಲಿ ಬಾಗಲದಾಗ ನಿಂತಿದ್ದೆ. ಒಳಗ ಕರಕೊಂಡು ಹೋಗಿ ಒಂದೊಂದ ಅರಿವಿ ಎತ್ತಿ ತೋರಿಸಿದ್ರು, ಗೊತ್ತೇನು? ನಾಕ ಇದ್ದವು. ನಾಕೂ ನೋಡೀನಿ."

ಇದನ್ನು ಸ್ಟುಡಿಯೋದಲ್ಲಿ ಹೇಳಿರಲಿಲ್ಲ.

ಗಾಡಿಗಳು ಮುಂದೆ ಸಾಗಿದವು. ಬಸು ಸಾಗಲಿಲ್ಲ. ಹಿಂದಿನವರು ಹಾರ್ನ್ ಬಾರಿಸಿದರು, ಬೈದರು. ಅವನು ಸ್ಕೂಟರನ್ನು ಬದಿಗೆ ತಳ್ಳಿ, ಸ್ಟ್ಯಾಂಡ್ ಕೂಡ ಹಾಕದೆ ನನ್ನ ಕೈಗೆ ಬಿಟ್ಟು, ಸೇತುವೆಯ ಕಟ್ಟೆಯ ಹತ್ತಿರ ಹೋಗಿ ನನಗೆ ಬೆನ್ನು ಮಾಡಿ ನಿಂತ. ಹೆಗಲು ಅಲುಗುತ್ತಿದ್ದವು. ನಾನು ಗಾಡಿ ಬೀಳದಂತೆ ಹಿಡಿದುಕೊಂಡು ನಿಂತೆ. ಹೋಗಿ ಬೆನ್ನ ಮೇಲೆ ಕೈ ಇಡಬೇಕೆಂದರೆ ಗಾಡಿ ಬೀಳುತ್ತದೆ. ಕೊನೆಗೆ ಬೀಳಲಿ ಅಂತ ಕಟ್ಟೆಗೆ ಒರಗಿಸಿ ಹೋದೆ.

ಮನೆ ಮುಟ್ಟಿದಾಗ ಕಲ್ಲವ್ವ ಬಾಗಿಲಲ್ಲೇ ನಿಂತಿದ್ದಳು. "ಯಾಕ್ರೀ ಇಷ್ಟ ತಡಾ? ರೆಕಾರ್ಡಿಂಗ ಐದಕ್ಕ ಮುಗೀತು ಅಂತ ಸುಹಾಸ ಫೋನ ಮಾಡಿದ್ದ."

"ಟ್ರಾಫಿಕ್," ಅಂದ ಬಸು.

"ಟ್ರಾಫಿಕ್," ಅಂದೆ ನಾನು.

ಅವಳು ಅವನ ಕಣ್ಣು ನೋಡಿದಳು. ನನ್ನ ಕಣ್ಣು ನೋಡಿದಳು. ಸ್ಕೂಟರಿನ ಬದಿಗೆ ಬಿದ್ದ ಹೊಸ ಗೀರು ನೋಡಿದಳು. ನಂಬಲಿಲ್ಲ. ಊಟಕ್ಕೆ ಬಡಿಸುವಾಗಲೂ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡುತ್ತಲೇ ಇದ್ದಳು. ನಾವಿಬ್ಬರೂ ತಲೆ ತಗ್ಗಿಸಿ ಉಂಡೆವು.